ತಲೆನೋವೂ ಮಳೆಮೋಡವೂ

“ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆ” ಎಂಬ ವಾಕ್ಯವನ್ನು ಕೇಳದ ಕನ್ನಡಿಗನಾರು? ಬೇಸಾಯಗಾರನಿಗೆ ಅದು ಮಳೆಯ ಸುದ್ದಿ. ಬೆಸ್ತನಿಗೆ ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ. ಶಾಲೆಯ ಹುಡುಗನಿಗೆ ರಜೆಯ ಆಸೆ. ಆದರೆ ಈ ವಾಕ್ಯ ಕಿವಿಗೆ ಬಿದ್ದೊಡನೆ ಹಣೆಯ ಒಂದು ಪಕ್ಕವನ್ನು ಮೆಲ್ಲನೆ ಒತ್ತಿಕೊಳ್ಳುವವರೂ ನಮ್ಮ ನಡುವೆ ಉಂಟು. ಅವರ ಪಾಲಿಗೆ ಅದು ಅರೆತಲೆನೋವಿನ ಆಗಮನವನ್ನು ಸಾರುವ ಡಂಗುರ. ಈ ವಾರ ಅವರ ಮಾತನ್ನು ಆಡಬೇಕೆಂದು ನನ್ನ ಇಚ್ಛೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದರೂ ಈ ವಿಷಯದಲ್ಲಿ ಬಾಯಿ ತೆರೆಯಲು ಎರಡು ಅಧಿಕಾರಗಳು ನನಗಿವೆ. ಈ ನೋವನ್ನು ಉಂಡವರ ಮಗ ನಾನು. ಈಗ ಸ್ವತಃ ಉಣ್ಣುತ್ತಿರುವವನೂ ನಾನೇ.

ನಮ್ಮ ಮನೆ ಮಲೆನಾಡಿನ ಒಂದು ಹಳ್ಳಿಯಲ್ಲಿ. ವೈಶಾಖದ ಬಿಸಿಲಿನಲ್ಲಿ ಅಂಗಳದ ತುಂಬ ಹಲಸಿನ ಹಪ್ಪಳವೂ ಅರಳುಸಂಡಿಗೆಯೂ ಒಣಗುತ್ತಿದ್ದ ದಿನಗಳು ಇಂದಿಗೂ ನನ್ನ ಕಣ್ಣ ಮುಂದಿವೆ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲದಿರುವಾಗ, ಒಲೆಯ ಮುಂದೆ ಕುಳಿತಿದ್ದ ನಮ್ಮ ತಾಯಿಯವರು ಎಡಗಣ್ಣಿನ ಮೇಲೆ ಬೆರಳನ್ನು ಒತ್ತಿ, “ಮಕ್ಕಳೇ, ಹಪ್ಪಳ ಎತ್ತಿಡಿ, ಸಂಜೆಗೆ ಮಳೆ ಬರುತ್ತದೆ” ಎನ್ನುತ್ತಿದ್ದರು. ನಾವು ನಗುತ್ತ ಎತ್ತಿಡುತ್ತಿದ್ದೆವು. ನಾಲ್ಕು ಗಂಟೆಯ ಹೊತ್ತಿಗೆ ಪಡುವಣ ಗುಡ್ಡದ ಹಿಂದಿನಿಂದ ಗುಡುಗು ಕೇಳಿಸುತ್ತಿದ್ದಿತು. ಐದಕ್ಕೆ ಭರಣಿಯ ಮಳೆ ಅಂಗಳವನ್ನು ತೊಳೆಯುತ್ತಿದ್ದಿತು. “ನಮ್ಮ ಮನೆಗೆ ಪಂಚಾಂಗವೇ ಬೇಡ, ಸೊಸೆಯ ತಲೆಯೊಂದಿದ್ದರೆ ಸಾಕು” ಎಂದು ಅಜ್ಜ ಬಂದವರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಆ ಹೊತ್ತಿನಲ್ಲಿ ತಾಯಿಯವರು ಎಲ್ಲಿರುತ್ತಿದ್ದರು? ನಡುಮನೆಯ ಪಕ್ಕದ ಕತ್ತಲೆಯ ಕೋಣೆಯಲ್ಲಿ, ತಲೆಗೆ ಬಟ್ಟೆಯನ್ನು ಬಿಗಿದು, ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಿದ್ದರು. ಮಧ್ಯಾಹ್ನದ ಊಟ ಮಾಡಿರುತ್ತಿರಲಿಲ್ಲ. ತಲೆದೆಸೆಯಲ್ಲಿ ವಾಂತಿಗೆಂದು ಒಂದು ಬೋಗುಣಿ. ಹಪ್ಪಳವೇನೋ ಉಳಿಯಿತು; ಅದನ್ನು ಉಳಿಸಿದವರು ಹೇಗಿದ್ದಾರೆಂದು ನೋಡಲು ಹೋದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನಾನು ಅಪ್ರಾಮಾಣಿಕನಾದೇನು. ತಲೆನೋವು ಬಂದೂ ಮಳೆ ಬಾರದ ದಿನಗಳು ಇದ್ದುವು. ಒಮ್ಮೆ ಹತ್ತಿರದ ನೆಂಟರ ಮನೆಯಲ್ಲಿ ಮದುವೆ. ಹೊರಡುವ ಬೆಳಿಗ್ಗೆಯೇ ತಾಯಿಯವರು ಹಾಸಿಗೆ ಹಿಡಿದರು. ಅಂದು ಆಕಾಶ ತಿಳಿಯಾಗಿಯೇ ಉಳಿಯಿತು. ಹಿಂದಿರುಗಿ ಬಂದವರೊಬ್ಬರು, “ತಲೆನೋವಂತೆ! ಬರಲು ಮನಸ್ಸಿಲ್ಲದವರಿಗೆ ನೆವಕ್ಕೇನು ಕೊರತೆ?” ಎಂದರು. ಮನೆಯವರಾರೂ ಅದಕ್ಕೆ ಎದುರಾಡಲಿಲ್ಲ. ತಲೆ ಒಂದೇ, ನೋವೂ ಒಂದೇ. ಮಳೆ ಬಂದರೆ ಅದು ಭವಿಷ್ಯವಾಣಿ, ಬಾರದಿದ್ದರೆ ನೆವ!

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ತರಗತಿಯಲ್ಲಿ ಹಳಗನ್ನಡದ ಪದ್ಯವೊಂದನ್ನು ಬಿಡಿಸುತ್ತಿದ್ದಾಗ, ಕಪ್ಪುಹಲಗೆಯ ಅಕ್ಷರಗಳ ಮೇಲೆ ಗರಗಸದ ಹಲ್ಲಿನಂಥ ಬೆಳಕಿನ ಗೆರೆಯೊಂದು ಕಾಣಿಸಿಕೊಂಡಿತು. ಅರ್ಧ ಗಂಟೆಯಲ್ಲಿ ಗೆರೆ ಮಾಯವಾಗಿ, ಎಡಗಣ್ಣಿನ ಹಿಂದೆ ಯಾರೋ ಒನಕೆಯಿಂದ ಕುಟ್ಟತೊಡಗಿದರು. ತಾಯಿಯವರ ಆಸ್ತಿಯಲ್ಲಿ ನನ್ನ ಪಾಲು ನನಗೆ ಬಂದು ಸೇರಿತ್ತು. ಈ ರೋಗ ವಂಶಗಳಲ್ಲಿ ಹರಿದು ಬರುವುದೆಂಬುದನ್ನು ಆಮೇಲೆ ಓದಿ ತಿಳಿದೆ.

ವೈದ್ಯರು ಮೈಗ್ರೇನ್ ಎಂದು ಕರೆಯುವ ಇದು ಸಾಧಾರಣ ತಲೆನೋವಲ್ಲ. ಅನೇಕ ವೇಳೆ ತಲೆಯ ಒಂದೇ ಪಕ್ಕದಲ್ಲಿ ನಾಡಿ ಬಡಿದಂತೆ ಮಿಡಿಯುತ್ತದೆ, ನಡೆದಾಡಿದರೆ ಹೆಚ್ಚುತ್ತದೆ, ವಾಕರಿಕೆ ಬರುತ್ತದೆ, ಬೆಳಕೂ ಸದ್ದೂ ಸಹಿಸಲಸಾಧ್ಯವಾಗುತ್ತವೆ. ಔಷಧವಿಲ್ಲದಿದ್ದರೆ ೪ ಗಂಟೆಗಳಿಂದ ೭೨ ಗಂಟೆಗಳವರೆಗೂ ಕಾಡಬಲ್ಲುದು. ಬೆಂಗಳೂರು ಮತ್ತು ಅದರ ಸುತ್ತಿನ ಹಳ್ಳಿಗಳಲ್ಲಿ ೨,೩೨೯ ಮಂದಿಯನ್ನು ವಿಚಾರಿಸಿ ೨೦೧೫ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರ ಪ್ರಕಾರ, ವರ್ಷವೊಂದರಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇದ್ದಿತು. ಅವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ತಾಯಿಯವರು ಒಂಟಿಯಲ್ಲ. ಊರಿನ ಪ್ರತಿಯೊಂದು ಬೀದಿಯಲ್ಲಿಯೂ ಅಂಥ ಕತ್ತಲೆಯ ಕೋಣೆಗಳಿವೆ.

ಇನ್ನು ಮಳೆಗೂ ತಲೆಗೂ ಇರುವ ನಂಟು. ಇದು ಅಡುಗೆಮನೆಯ ನಂಬಿಕೆ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಪ್ರಾಚೀನ ವೈದ್ಯರು ಈ ರೋಗವನ್ನು ಅರ್ಧಾವಭೇದಕವೆಂದು ಕರೆದರು. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಇದರ ಕಾರಣಗಳನ್ನು ಎಣಿಸುವಾಗ ಮೂಡಣ ಗಾಳಿ, ಇಬ್ಬನಿ ಇವೂ ಬರುತ್ತವೆ. ಆದರೆ ಅವು ಒಂಟಿಯಾಗಿ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಒಣ ಆಹಾರ, ಅತಿಯಾದ ಊಟ, ದೇಹದ ವೇಗಗಳನ್ನು ತಡೆಹಿಡಿಯುವುದು, ಅತಿಯಾದ ದಣಿವು ಇವುಗಳ ಸಾಲಿನಲ್ಲಿ ಗಾಳಿ ಇಬ್ಬನಿಗಳಿಗೂ ಒಂದು ಸ್ಥಾನ ದೊರೆತಿದೆ, ಅಷ್ಟೇ. ಈ ಪಟ್ಟಿಯ ವಿವೇಕವನ್ನು ನಾನು ಮೊದಲು ಅರಿಯಲಿಲ್ಲ. ಎಲ್ಲ ತಪ್ಪನ್ನೂ ಮೋಡದ ತಲೆಗೆ ಕಟ್ಟಿ ನಿಶ್ಚಿಂತನಾಗಿದ್ದೆ.

ವಾಯುಭಾರವೆಂದರೇನು? ನಮ್ಮ ತಲೆಯ ಮೇಲೆ ನಿಂತಿರುವ ಗಾಳಿಯ ಕಂಬದ ತೂಕ. ಇಟಲಿಯ ಟಾರಿಚೆಲ್ಲಿ ಎಂಬಾತ ೧೬೪೦ರ ದಶಕದಲ್ಲಿ ಪಾದರಸದ ನಳಿಗೆಯಿಂದ ಅದನ್ನು ಅಳೆಯಬಹುದೆಂದು ತೋರಿಸಿದನು. ೧೬೪೮ರಲ್ಲಿ ಫ್ರಾನ್ಸಿನ ಪಾಸ್ಕಲನ ಭಾವಮೈದುನ ಪೆರಿಯೆ ಆ ನಳಿಗೆಯನ್ನು ಹೊತ್ತು ಬೆಟ್ಟವೊಂದನ್ನು ಹತ್ತಿ, ಮೇಲೆ ಹೋದಂತೆ ಪಾದರಸ ಇಳಿಯುವುದನ್ನು ಕಂಡನು. ಆ ಪಾಸ್ಕಲನ ಹೆಸರಿನಿಂದಲೇ ಇಂದು ಹೆಕ್ಟೋಪ್ಯಾಸ್ಕಲ್ ಎಂಬ ಅಳತೆ ಬಳಕೆಯಲ್ಲಿದೆ; ಹಿಂದೆ ಮಿಲಿಬಾರ್ ಎನ್ನುತ್ತಿದ್ದುದೂ ಇದನ್ನೇ. ಸಮುದ್ರಮಟ್ಟದಲ್ಲಿ ಇದರ ಸರಾಸರಿ ಬೆಲೆ ೧,೦೧೩.

ಈ ಅಳತೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಸೋಜಿಗ ಎದುರಾಗುತ್ತದೆ. ಮಂಗಳೂರಿನಲ್ಲಿ ಬಸ್ಸು ಹತ್ತಿ ಮಡಿಕೇರಿಯಲ್ಲಿ ಇಳಿದವನು ೧,೧೦೦ ಮೀಟರಿಗೂ ಮಿಗಿಲಾದ ಎತ್ತರವನ್ನು ಏರಿರುತ್ತಾನೆ; ಆ ಕೆಲವು ಗಂಟೆಗಳಲ್ಲಿ ಅವನ ಮೇಲಿನ ವಾಯುಭಾರ ನೂರಕ್ಕಿಂತ ಹೆಚ್ಚು ಹೆಕ್ಟೋಪ್ಯಾಸ್ಕಲ್ ಇಳಿದಿರುತ್ತದೆ. ಮಳೆತರುವ ಸಾಮಾನ್ಯ ವಾಯುಭಾರ ಕುಸಿತವಾದರೋ ನಮ್ಮ ಒಳನಾಡಿನಲ್ಲಿ ತರುವ ಬದಲಾವಣೆ ಕೆಲವೇ ಹೆಕ್ಟೋಪ್ಯಾಸ್ಕಲ್. ಇಷ್ಟೇ ಅಲ್ಲ. ನಮ್ಮಂಥ ಉಷ್ಣವಲಯದ ನಾಡಿನಲ್ಲಿ ವಾಯುಭಾರಕ್ಕೆ ಕಡಲಿನಂತೆ ದಿನವೂ ಏರಿಳಿತವುಂಟು. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರಿ, ನಸುಕಿನಲ್ಲಿ ಇನ್ನೊಮ್ಮೆ ಇಳಿಯುತ್ತದೆ. ಈ ನಿತ್ಯದ ಏರಿಳಿತವೇ ಮೂರು ನಾಲ್ಕು ಹೆಕ್ಟೋಪ್ಯಾಸ್ಕಲ್. ಇಳಿತವೊಂದೇ ಅಪರಾಧಿಯಾಗಿದ್ದರೆ ನಾಡಿನ ಅರೆತಲೆಯವರೆಲ್ಲ ಪ್ರತಿ ಸಂಜೆಯೂ ಹಾಸಿಗೆ ಹಿಡಿಯಬೇಕಾಗಿತ್ತು. ಘಟ್ಟ ಹತ್ತಿದ ಪ್ರತಿಯೊಂದು ಬಸ್ಸೂ ಆಸ್ಪತ್ರೆಯ ಮುಂದೆ ನಿಲ್ಲಬೇಕಾಗಿತ್ತು.

ಹಾಗಾದರೆ ನಮ್ಮ ತಾಯಿಯವರ ಮಾತು ಸುಳ್ಳೇ? ಅದೂ ಅಲ್ಲ. ಜಪಾನಿನ ಉತ್ಸುನೊಮಿಯ ನಗರದಲ್ಲಿ ೨೮ ಮೈಗ್ರೇನ್ ರೋಗಿಗಳು ವರ್ಷವಿಡೀ ದಿನಚರಿ ಬರೆದರು. ೨೦೧೧ರಲ್ಲಿ ಪ್ರಕಟವಾದ ಅದರ ಫಲಿತಾಂಶ ನನ್ನನ್ನು ಬೆಚ್ಚಿಬೀಳಿಸಿತು. ಮಾರನೆಯ ದಿನಕ್ಕೆ ವಾಯುಭಾರ ೫ ಹೆಕ್ಟೋಪ್ಯಾಸ್ಕಲ್‌ಗಿಂತ ಹೆಚ್ಚು ಇಳಿಯಲಿದ್ದ ದಿನಗಳಲ್ಲಿ ಅವರಿಗೆ ತಲೆನೋವು ಹೆಚ್ಚಾಗಿ ಬಂದಿತ್ತು. ಎಂದರೆ, ನೋವು ಮುಂದೆ, ಇಳಿತ ಹಿಂದೆ! ನಮ್ಮ ಅಂಗಳದ ಹಪ್ಪಳಗಳು ಇದಕ್ಕೆ ಸಾಕ್ಷಿ ಹೇಳಬಲ್ಲುವು. ಅಮೆರಿಕದ ಒಹಾಯೊ ಮತ್ತು ಮಿಸ್ಸೂರಿ ಸಂಸ್ಥಾನಗಳ ೯೦ ಮಂದಿಯನ್ನು ಕುರಿತು ೨೦೧೩ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ, ಮನೆಯಿಂದ ೨೫ ಮೈಲಿಯೊಳಗೆ ಸಿಡಿಲು ಹೊಡೆದ ದಿನಗಳಲ್ಲಿ ಮೈಗ್ರೇನಿನ ಸಂಭವ ನೂರಕ್ಕೆ ೨೮ರಷ್ಟು ಹೆಚ್ಚಿದ್ದಿತು.

ಆದರೆ ಎಲ್ಲರ ತಲೆಯೂ ಒಂದೇ ಗಾಳಿಗೆ ಮಣಿಯುವುದಿಲ್ಲ. ಕೆನಡಾದ ಕ್ಯಾಲ್ಗರಿ ನಗರಕ್ಕೆ ರಾಕಿ ಪರ್ವತಗಳಿಂದ ಶಿನೂಕ್ ಎಂಬ ಬೆಚ್ಚನೆಯ ಒಣಗಾಳಿ ಇಳಿದು ಬರುತ್ತದೆ. ಅಲ್ಲಿನ ೭೫ ಮಂದಿ ರೋಗಿಗಳ ದಿನಚರಿಗಳನ್ನು ಪರಿಶೀಲಿಸಿ ೨೦೦೦ದಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕೆಲವರಿಗೆ ಗಾಳಿ ಬರುವ ಮುನ್ನಾದಿನ ನೋವು. ಬೇರೆ ಕೆಲವರಿಗೆ ಗಾಳಿ ರಭಸವಾಗಿ ಬೀಸುವ ದಿನ ನೋವು. ಎರಡಕ್ಕೂ ಗುರಿಯಾದವರು ಇಬ್ಬರೇ ಇಬ್ಬರು. ಇನ್ನು ವಿಯೆನ್ನಾದ ಸುತ್ತ ೨೩೮ ಮಂದಿ ೯೦ ದಿನಗಳ ದಿನಚರಿ ಬರೆದಾಗ, ಬಿಗಿಯಾದ ಲೆಕ್ಕಾಚಾರದ ಮುಂದೆ ಹವೆಯ ಪ್ರಭಾವ ಅಲ್ಪವೂ ಸಂದೇಹಾಸ್ಪದವೂ ಆಗಿ ಉಳಿಯಿತು. ಇದು ೨೦೧೧ರ ವರದಿ. ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಅಮೆರಿಕದ ೨೦೦೪ರ ಒಂದು ಅಧ್ಯಯನ. ಅಲ್ಲಿ ೭೭ ಮಂದಿಯಲ್ಲಿ ೪೮ ಮಂದಿ, ಹವೆಯೇ ತಮ್ಮ ತಲೆನೋವಿಗೆ ಕಾರಣವೆಂದು ನಂಬಿದ್ದರು. ದಿನಚರಿಯನ್ನೂ ಹವಾಮಾನದ ದಾಖಲೆಯನ್ನೂ ಹೋಲಿಸಿದಾಗ ಹವೆಗೆ ನಿಜವಾಗಿ ಸ್ಪಂದಿಸುತ್ತಿದ್ದವರು ೩೯ ಮಂದಿ. ನಂಬಿಕೆ ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ದೇಹಕ್ಕೆ ಗಾಳಿಯ ತೂಕ ತಿಳಿಯುವುದಾದರೂ ಹೇಗೆ? ನಮ್ಮ ತೋಲವನ್ನು ಕಾಯುವ ಅಂಗ ಒಳಕಿವಿಯಲ್ಲಿದೆ. ವಾಯುಭಾರವನ್ನು ಇಳಿಸಿದಾಗ ಆ ಅಂಗಕ್ಕೆ ಸಂಬಂಧಿಸಿದ ಮಿದುಳಿನ ನರಕೋಶಗಳು ಚುರುಕಾಗುವುದನ್ನು ಜಪಾನಿನ ವಿಜ್ಞಾನಿಗಳು ಇಲಿಗಳಲ್ಲಿ ಕಂಡಿದ್ದಾರೆ. ಮುಖ ಮತ್ತು ಮಿದುಳಿನ ಪೊರೆಗಳ ನೋವನ್ನು ಹೊತ್ತು ತರುವ ನರಕ್ಕೆ ಟ್ರೈಜೆಮಿನಲ್ ಎಂದು ಹೆಸರು. ಮೈಗ್ರೇನಿನ ನಾಟಕದಲ್ಲಿ ಮುಖ್ಯ ಪಾತ್ರ ಇದರದೇ. ಗಾಳಿಯ ಭಾರ ಇಳಿಸಿದಾಗ ಈ ನರದ ಕೇಂದ್ರದಲ್ಲಿಯೂ ಕೆಲವು ಕೋಶಗಳ ಚಟುವಟಿಕೆ ಹೆಚ್ಚಿತೆಂದು ೨೦೧೦ರ ಪ್ರಯೋಗವೊಂದು ತಿಳಿಸುತ್ತದೆ. ಮೈಗ್ರೇನ್ ಉಳ್ಳವರ ಮಿದುಳು ಬದಲಾವಣೆಯನ್ನು ಸಹಿಸದ ಮಿದುಳು. ಗಾಳಿಯ ಭಾರದ ಬದಲಾವಣೆ ಅದಕ್ಕೆ ಒಂದು ತೊಡಕು. ಸೆಕೆ, ಮೋಡದಂಚಿನಿಂದ ಹೊಮ್ಮುವ ಕಣ್ಣುಕುಕ್ಕುವ ಬೆಳಕು, ನಿದ್ದೆಯ ಏರುಪೇರು, ಹಸಿವು ಇವು ಬೇರೆ ತೊಡಕುಗಳು. ಮಳೆಗೆ ಮುಂಚಿನ ಮಧ್ಯಾಹ್ನ ಇವುಗಳಲ್ಲಿ ಅನೇಕವು ಒಟ್ಟಿಗೇ ಬಂದು ಬಾಗಿಲು ತಟ್ಟುತ್ತವೆ. ಯಾವುದು ತಟ್ಟಿದ್ದಕ್ಕೆ ಬಾಗಿಲು ಮುರಿಯಿತೆಂದು ಹೇಳುವುದು ಸುಲಭವಲ್ಲ.

ಇಷ್ಟನ್ನು ಓದಿದ ಮೇಲೆ ನಾನೂ ಒಂದು ದಿನಚರಿ ಇಟ್ಟೆ. ಖರ್ಚಿಲ್ಲದ ಪ್ರಯೋಗ, ಒಂದು ನೋಟುಬುಕ್ಕು ಸಾಕು. ನೋವು ಬಂದ ದಿನ, ಗಂಟೆ, ಹಿಂದಿನ ರಾತ್ರಿಯ ನಿದ್ದೆ, ಊಟ ತಿಂಡಿಗಳ ವೇಳೆ, ಆಕಾಶದ ಸ್ಥಿತಿ. ಇವುಗಳ ಜತೆಗೆ ಮೊಬೈಲು ತೋರಿಸುವ ವಾಯುಭಾರದ ಅಂಕಿ. ಮುಖ್ಯವಾದ ನಿಯಮವೊಂದುಂಟು: ನೋವು ಬಾರದ ದಿನಗಳನ್ನೂ ಬರೆಯಬೇಕು. ಮೋಡ ಕವಿದು ತಲೆ ನೊಂದ ದಿನವನ್ನು ನಾವು ಮರೆಯುವುದಿಲ್ಲ. ಮೋಡ ಕವಿದೂ ತಲೆ ಹಗುರವಾಗಿದ್ದ ದಿನವನ್ನು ನೆನೆಯುವವರಾರು?

ಒಂದು ವರ್ಷದ ಕೊನೆಗೆ ಪುಸ್ತಕವನ್ನು ತೆರೆದಾಗ ನನಗೆ ನಾಚಿಕೆಯಾಯಿತು. ಆಕಾಶದ ಮೇಲೆ ನಾನು ಹೊರಿಸಿದ್ದ ಅಪರಾಧಗಳಲ್ಲಿ ಎಷ್ಟೋ ನನ್ನವೇ ಆಗಿದ್ದುವು. ಉತ್ತರಪತ್ರಿಕೆಗಳನ್ನು ತಿದ್ದುತ್ತ ನಡುರಾತ್ರಿ ದಾಟಿದ ಮಾರನೆಯ ದಿನ. ಬೆಳಗಿನ ತರಗತಿಯ ಆತುರದಲ್ಲಿ ತಿಂಡಿ ಬಿಟ್ಟ ದಿನ. ವಾರದ ನಿದ್ದೆಯನ್ನೆಲ್ಲ ಭಾನುವಾರ ಒಂದೇ ಸಲ ತೀರಿಸಿಕೊಂಡ ದಿನ. ಆದರೂ ಮುಂಗಾರಿಗೆ ಮುಂಚಿನ ಆ ಗುಡುಗುಮಳೆಯ ವಾರಗಳಲ್ಲಿ ನೋವಿನ ಗುರುತುಗಳು ದಟ್ಟವಾಗಿದ್ದುದು ಸುಳ್ಳಲ್ಲ. ವಿಶೇಷವೆಂದರೆ, ಚೆನ್ನಾಗಿ ನಿದ್ದೆ ಮಾಡಿ ಹೊತ್ತಿಗೆ ಸರಿಯಾಗಿ ಉಂಡ ದಿನಗಳಲ್ಲಿ ಬಂದ ಮೋಡಗಳಲ್ಲಿ ಹಲವು ನನ್ನನ್ನು ಮುಟ್ಟದೆ ಹೋಗಿದ್ದುವು.

ತಾಯಿಯವರ ವಿಷಯದಲ್ಲಿಯೂ ಆಗ ಒಂದು ನೆನಪು ಮೂಡಿತು. ಶುಕ್ರವಾರ ಅವರ ಎಣ್ಣೆಸ್ನಾನದ ದಿನ. ಒದ್ದೆಗೂದಲಿನಲ್ಲಿಯೇ ಅಡುಗೆ, ಪೂಜೆ. ತಲೆಗೆ ನೀರು ಹಾಕಿಕೊಂಡ ಮೇಲೆ ಮೈಗ್ರೇನ್ ಕೆರಳುವ ೯೪ ಮಂದಿ ಭಾರತೀಯ ರೋಗಿಗಳ ವಿಚಾರವನ್ನು ಮುಂಬಯಿಯ ವೈದ್ಯರೊಬ್ಬರು ೨೦೦೬ರಲ್ಲಿ ಪ್ರಕಟಿಸಿದ್ದಾರೆ. ಏಕಾದಶಿಯ ಉಪವಾಸ, ಎಲ್ಲರೂ ಉಂಡ ಮೇಲೆ ಮೂರು ಗಂಟೆಗೆ ಊಟ, ನಸುಕಿನಲ್ಲಿಯೇ ಏಳುವುದು, ಸೌದೆಯ ಹೊಗೆ: ಇವೆಲ್ಲವೂ ಆ ತಲೆಯ ಮೇಲೆ ಬೀಳುತ್ತಿದ್ದುವು. ಅವರ ತಲೆನೋವಿಗೆ ಮೋಡವೇ ಕಾರಣವೆಂದು ನಾವು ನಂಬಿದ್ದುದರಲ್ಲಿ ನಮಗೆ ಒಂದು ಅನುಕೂಲವೂ ಇದ್ದಿತೇನೋ. ಮೋಡವನ್ನು ಯಾರೂ ತಿದ್ದಲಾರರು. ಊಟದ ಹೊತ್ತನ್ನು ತಿದ್ದಬಹುದಾಗಿತ್ತು.

ಮಳೆಗಾಲದ ಕೆರೆಯನ್ನು ನೆನೆದುಕೊಳ್ಳಿ. ಕೆರೆ ಅಂಚಿನವರೆಗೆ ತುಂಬಿ ನಿಂತಾಗ ಒಂದು ಸಣ್ಣ ಹನಿಮಳೆಗೂ ಕೋಡಿ ಬೀಳುತ್ತದೆ. ಅರ್ಧ ತುಂಬಿದ್ದರೆ ಜಡಿಮಳೆಯನ್ನೂ ನುಂಗಿಕೊಳ್ಳುತ್ತದೆ. ತಲೆಯೂ ಹಾಗೆಯೇ. ನಿದ್ದೆಗೇಡು, ಹಸಿವು, ಬಿಸಿಲು, ಚಿಂತೆ, ಹೆಂಗಸರಿಗಾದರೆ ಮುಟ್ಟಿನ ದಿನಗಳು: ಇವು ಕೆರೆಯನ್ನು ತುಂಬುವ ಹಳ್ಳಗಳು. ವಾಯುಭಾರದ ಇಳಿತ ಕೊನೆಯ ಹನಿಮಳೆ. ಅದನ್ನು ತಡೆಯುವ ಶಕ್ತಿ ನಮಗಿಲ್ಲ. ಕೆರೆಯ ಮಟ್ಟವನ್ನು ತಗ್ಗಿಸಿಡುವುದು ಕೆಲಮಟ್ಟಿಗಾದರೂ ನಮ್ಮ ಕೈಯಲ್ಲಿದೆ.

ಆದುದರಿಂದ ವಾಯುಭಾರ ಕುಸಿತದ ಸುದ್ದಿಯನ್ನು ಕೇಳಿ ಹೆದರುವುದಕ್ಕಿಂತ ಅದನ್ನು ಮುನ್ಸೂಚನೆಯಾಗಿ ಬಳಸಿಕೊಳ್ಳುವುದು ಲೇಸು. ಅಂದು ಹೊತ್ತಿಗೆ ಸರಿಯಾಗಿ ಉಣ್ಣಿರಿ, ನೀರು ಕುಡಿಯಿರಿ, ನಿತ್ಯದ ವೇಳೆಗೆ ಮಲಗಿರಿ, ಬಿಸಿಲಿಗೆ ಕೊಡೆ ಹಿಡಿಯಿರಿ, ಮುಂದೂಡಬಹುದಾದ ಕೆಲಸವನ್ನು ಮುಂದೂಡಿರಿ. ವೈದ್ಯರು ಕೊಟ್ಟ ಔಷಧ ಕಿಸೆಯಲ್ಲಿರಲಿ; ನೋವಿನ ಆರಂಭದಲ್ಲಿ ತೆಗೆದುಕೊಂಡರೆ ಅದು ಹೆಚ್ಚು ಫಲ ಕೊಡುತ್ತದೆ. ಆದರೆ ಮೋಡ ಕಂಡಾಗಲೆಲ್ಲ ಮಾತ್ರೆ ನುಂಗುವ ಅಭ್ಯಾಸ ಬೇಡ. ಸಾಮಾನ್ಯ ನೋವುಮಾತ್ರೆಗಳನ್ನು ತಿಂಗಳಿಗೆ ೧೫ ಅಥವಾ ಅದಕ್ಕೂ ಹೆಚ್ಚು ದಿನ, ಟ್ರಿಪ್ಟಾನ್ ಜಾತಿಯವನ್ನು ೧೦ ಅಥವಾ ಅದಕ್ಕೂ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗುತ್ತ ಬಂದರೆ, ಆ ಮಾತ್ರೆಗಳೇ ತಲೆನೋವನ್ನು ಹುಟ್ಟಿಸತೊಡಗುತ್ತವೆ. ನೋವು ಪದೇ ಪದೇ ಬರುವವರಿಗೆ, ಅದು ಬಾರದಂತೆ ತಡೆಯುವ ಬೇರೆ ಔಷಧಗಳುಂಟು; ಅದನ್ನು ವೈದ್ಯರಲ್ಲಿ ಕೇಳಬೇಕು. ಒಂದೇ ನಿಮಿಷದಲ್ಲಿ ಸಿಡಿಲಿನಂತೆ ಎರಗಿದ ತಲೆನೋವು, ಜ್ವರ ಮತ್ತು ಕತ್ತಿನ ಬಿಗಿತದೊಡನೆ ಬಂದುದು, ಕೈಕಾಲು ಅಥವಾ ಮಾತು ತೊಡರಿದುದು, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದುದು: ಇವುಗಳಿಗೆ ಮೋಡವನ್ನು ದೂರುತ್ತ ಕುಳಿತಿರಬಾರದು, ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಮನೆಮಂದಿಗೂ ಒಂದು ಮಾತು. ತಲೆನೋವು ಕಣ್ಣಿಗೆ ಕಾಣುವ ಗಾಯವಲ್ಲ. ಮಳೆ ಬಂದಿತೋ ಬಿಟ್ಟಿತೋ ಎಂಬುದು ನೋವಿನ ಸತ್ಯಕ್ಕೆ ಪರೀಕ್ಷೆಯಲ್ಲ. ವಾಯುಭಾರದ ಅಂಕಿ ನೆಟ್ಟಗಿದ್ದ ದಿನವೂ ನೋವು ನೋವೇ. ದೀಪ ಆರಿಸಿ, ಸದ್ದು ತಗ್ಗಿಸಿ, ಒಂದು ಲೋಟ ನೀರು ತಂದಿಟ್ಟು, ಅಡುಗೆಯ ಕೆಲಸವನ್ನು ಅಂದಿನ ಮಟ್ಟಿಗೆ ಇನ್ನೊಬ್ಬರು ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ನಮ್ಮ ತಾಯಿಯವರಿಗೆ ಈಗ ಅರುವತ್ತು ದಾಟಿದೆ. ಅನೇಕ ಹೆಂಗಸರಲ್ಲಿ ಆಗುವಂತೆ, ವಯಸ್ಸು ಕಳೆದ ಮೇಲೆ ಅವರ ತಲೆನೋವು ಬಹುಮಟ್ಟಿಗೆ ಅಡಗಿದೆ. ಕಳೆದ ವೈಶಾಖದಲ್ಲಿ ಊರಿಗೆ ಹೋಗಿದ್ದೆ. ಅಂಗಳದಲ್ಲಿ ಎಂದಿನಂತೆ ಹಪ್ಪಳ ಹರಡಿತ್ತು, ಆಕಾಶ ನಿರ್ಮಲವಾಗಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಎಡಗಣ್ಣಿನ ಹಿಂದೆ ಪರಿಚಿತವಾದ ಆ ಒತ್ತಡ ಮೊದಲಾಯಿತು. ಹಣೆಗೆ ಬೆರಳೊತ್ತಿ, “ಅಮ್ಮ, ಸಂಜೆಗೆ ಮಳೆ ಬರಬಹುದು” ಎಂದೆ.

ಅವರು ಅಂಗಳದ ಕಡೆ ನೋಡಲಿಲ್ಲ. ನನ್ನ ಮುಖವನ್ನು ನೋಡಿ, “ತಲೆ ಬಹಳ ನೋಯುತ್ತದೆಯೇ? ತಿಂಡಿ ತಿಂದೆಯೋ ಇಲ್ಲವೋ?” ಎಂದು ಕೇಳಿದರು. ಕೋಣೆಯ ಕಿಟಕಿಯನ್ನು ಮುಚ್ಚಿ ಚಾಪೆ ಹಾಸಿದರು. ಹಪ್ಪಳ ಅವರಿಗೆ ನೆನಪಾದುದು ಆಮೇಲೆ.